ಆರೋಗ್ಯ ಸಚಿವರೇ, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಕೇಳುವುದು ಒಂದೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿಮೋಗ್ಲೋಬಿನ್ ಜೊತೆ, ದೇಹ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ರಕ್ತಪರೀಕ್ಷೆಯನ್ನೂ ಉಚಿತವಾಗಿ ಮಾಡಿಸಿ. ನಿಮ್ಮ ಕಚೇರಿಗೆ ಮೊದಲೂ ಬರೆದಿದ್ದೆ. ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಫೆರಿಟಿನ್ ಅಂದರೇನು ಅಂತ ನಿಮಗೆ ಹೇಳಿಕೊಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ನಿಮ್ಮ ಇಲಾಖೆಯ ಕಪಾಟಿನಲ್ಲಿ ಇದ್ದೇ ಇರುತ್ತದೆ. ಬೇರೆ ಕಾಯಿಲೆ ಇಲ್ಲದ ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಅದು ಕಬ್ಬಿಣದ ಕೊರತೆ. ದೇಹ ಮೊದಲು ಕೂಡಿಟ್ಟ ಕಬ್ಬಿಣವನ್ನು ಖಾಲಿ ಮಾಡುತ್ತದೆ. ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ನಿಮ್ಮ ಆಸ್ಪತ್ರೆಗಳು ಆ ಕೊನೆಯ ಹಂತವನ್ನು ಮಾತ್ರ ನೋಡುತ್ತವೆ.

ನನ್ನ ಕಥೆ ಕೇಳಿ. ವರ್ಷಗಟ್ಟಲೆ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ತಲೆ ಬಾಚಿದರೆ ಕೈ ತುಂಬಾ ಕೂದಲು. ರಾತ್ರಿ ಮಲಗಿದರೆ ಕಾಲು ಸುಮ್ನೆ ಇರುತ್ತಿರಲಿಲ್ಲ, ಆಡಿಸುತ್ತಲೇ ಇರಬೇಕು. ಜೊತೆಗೆ ಐಸ್ ಅಗಿಯುವ ಹುಚ್ಚು. ಕಬ್ಬಿಣ ಕಡಿಮೆಯಾದವರಿಗೆ ಐಸು, ಮಣ್ಣು, ಸೀಮೆಸುಣ್ಣ ತಿನ್ನುವ ಆಸೆ ಬರುವುದು ವೈದ್ಯರಿಗೆ ಹಳೆಯ ವಿಷಯ. ಆದರೆ ನನ್ನನ್ನು ನೋಡಿದ ಒಬ್ಬರೂ ಅದನ್ನು ಕೇಳಲಿಲ್ಲ. ನನ್ನ ಹಿಮೋಗ್ಲೋಬಿನ್ 12.1. ಹೆಂಗಸರಿಗೆ ಗಡಿ 12. ‘ನಾರ್ಮಲ್ ಇದೆಯಲ್ಲಮ್ಮಾ’ ಅಂದರು. ‘ಟೆನ್ಷನ್ ಕಡಿಮೆ ಮಾಡಿಕೊಳ್ಳಿ’ ಅಂದರು. ಒಬ್ಬರಂತೂ ‘ಈ ವಯಸ್ಸಲ್ಲಿ ಹೀಗೇ’ ಅಂದರು. ನನ್ನ ವಯಸ್ಸು ಎಷ್ಟು ಅಂತ ಚೀಟಿಯಲ್ಲಿ ನೋಡಿಯೂ ಇರಲಿಲ್ಲ. ಕೊನೆಗೆ ಕೈಯಿಂದ ದುಡ್ಡು ಹಾಕಿ ಖಾಸಗಿ ಲ್ಯಾಬಿನಲ್ಲಿ ಫೆರಿಟಿನ್ ನೋಡಿಸಿದೆ. 6 ಬಂತು. ಅಷ್ಟು ವರ್ಷ ನಾನು ಸೋಮಾರಿ ಅಂತ ಬೈಸಿಕೊಂಡಿದ್ದಕ್ಕೆ ಯಾರಿಗೆ ಬಿಲ್ ಕಳಿಸಲಿ, ಹೇಳಿ?

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆಮೇಲೆ ನಿಮ್ಮ ಇಲಾಖೆಯ ರಕ್ತಹೀನತೆ ಶಿಬಿರಕ್ಕೆ ಹೋದೆ. ಬಾಗಿಲಲ್ಲಿ ನಿಮ್ಮ ಫೋಟೋ, ಮನುಷ್ಯನಿಗಿಂತ ಎತ್ತರ. ಒಳಗೆ ಎಲ್ಲರಿಗೂ ಕಬ್ಬಿಣದ ಮಾತ್ರೆ. ನನ್ನ ಮುಂದೆ ಒಬ್ಬ ತಾಯಿ ಮಗನ ಜೊತೆ ನಿಂತಿದ್ದರು. ಹುಡುಗನಿಗೆ ಥಲಸ್ಸೇಮಿಯಾ, ಅಂದರೆ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ, ಆಗಾಗ ರಕ್ತ ಹಾಕಿಸಬೇಕು. ಒಂದು ಯೂನಿಟ್ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರುತ್ತದೆ. ಹೆಚ್ಚಾದದ್ದನ್ನು ಹೊರಹಾಕಲು ದೇಹಕ್ಕೆ ದಾರಿಯೇ ಇಲ್ಲ. ಅದು ಹೃದಯದಲ್ಲಿ, ಲಿವರ್‌ನಲ್ಲಿ ಕೂರುತ್ತದೆ. ‘ಕಬ್ಬಿಣ ಇಳಿಸೋಕೇ ಔಷಧಿ ಕೊಡ್ತಿದ್ದೀವಿ, ಇವನಿಗೆ ಇದು ಬೇಡ ಸಾರ್’ ಅಂದರು ಆ ತಾಯಿ. ಮೇಜಿನ ಹಿಂದೆ ಕೂತವರು ತಲೆ ಎತ್ತಲಿಲ್ಲ. ‘ಲಿಸ್ಟ್‌ನಲ್ಲಿ ಟಿಕ್ ಆಗಬೇಕಮ್ಮಾ. ತಗೊಳ್ಳಿ, ತಿನ್ನೋದು ಬಿಡೋದು ನಿಮ್ಮಿಷ್ಟ.’ ಮಾತ್ರೆ ಹಿಡಿಸಿ ಇಬ್ಬರ ಫೋಟೋ ಕೂಡ ತೆಗೆದರು. ಆ ಹುಡುಗ ಈಗ ನಿಮ್ಮ ‘ಫಲಾನುಭವಿ’. ಅಭಿನಂದನೆಗಳು.

ಮಾತ್ರೆ ಹಂಚಬೇಡಿ ಅನ್ನುತ್ತಿಲ್ಲ. ಎಷ್ಟೋ ಜನಕ್ಕೆ ಅದರಿಂದ ಜೀವ ಬಂದಿದೆ. ಕೊಡುವ ಮುಂಚೆ ನೋಡಿ ಅನ್ನುತ್ತಿದ್ದೇನೆ. ಎಲ್ಲರಿಗೂ ಒಟ್ಟಿಗೆ ಕೊಡಬಹುದಾದ ಖನಿಜವೂ ಇದೆ, ಇಲ್ಲ ಅನ್ನಲ್ಲ. ಸ್ವಿಟ್ಜರ್ಲೆಂಡ್ 1922ರಲ್ಲಿ, ಅಮೆರಿಕ 1924ರಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಲು ಶುರು ಮಾಡಿದವು. ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಸ್ವಲ್ಪ ಜಾಸ್ತಿಯಾದರೂ ಹೆಚ್ಚಿನವರ ದೇಹ ಅದನ್ನು ಮೂತ್ರದಲ್ಲಿ ಕಳಿಸಿಬಿಡುತ್ತದೆ. ಕಬ್ಬಿಣ ಹಾಗಲ್ಲ ಅಲ್ವಾ?

ಇನ್ನೊಂದು ಪೇಚಾಟವಿದೆ. ರೋಗನಿರೋಧಕ ಶಕ್ತಿಗೆ ಒಳ್ಳೆಯದು ಅಂತ ಜನ ತಾವೇ ಸತುವಿನ ಮಾತ್ರೆ ನುಂಗುತ್ತಾರೆ. ಸತು ತಿಂಗಳುಗಟ್ಟಲೆ ಅತಿಯಾದರೆ ಕರುಳು ತಾಮ್ರವನ್ನು ಒಳಗೆ ಬಿಡುವುದಿಲ್ಲ. ತಾಮ್ರ ಇಲ್ಲದಿದ್ದರೆ ಕಬ್ಬಿಣ ಇದ್ದಲ್ಲೇ ಕೂರುತ್ತದೆ, ರಕ್ತವಾಗುವುದಿಲ್ಲ. ಅಂಥವರ ಹಿಮೋಗ್ಲೋಬಿನ್ ಕೂಡ ಕಡಿಮೆಯೇ ಬರುತ್ತದೆ. ನಿಮ್ಮ ಶಿಬಿರ ಅವರಿಗೂ ಕಬ್ಬಿಣವನ್ನೇ ಕೊಟ್ಟು ಕಳಿಸುತ್ತದೆ. ಹಿಮೋಗ್ಲೋಬಿನ್ ಅನ್ನುವ ಒಂದೇ ಅಂಕಿಯಲ್ಲಿ ಇದೆಲ್ಲ ಕಾಣುವುದಿಲ್ಲ. ಫೆರಿಟಿನ್ ನೋಡಿದರೆ ಕೊರತೆ ಕಬ್ಬಿಣದ್ದೋ ಬೇರೆಯದೋ ಅನ್ನುವ ಸುಳಿವಾದರೂ ಸಿಗುತ್ತದೆ.

ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಮ್ನೆ ಏರುತ್ತದೆ, ಅದನ್ನು ನಂಬುವ ಹಾಗಿಲ್ಲ ಅಂತ ನಿಮ್ಮ ಅಧಿಕಾರಿಯೊಬ್ಬರು ನನಗೆ ಪಾಠ ಮಾಡಿದರು. ಏರುವುದು ನಿಜ. ಅಂಥ ವಯಸ್ಕರಿಗೆ 70ರ ಗಡಿ ನೋಡಿ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಉರಿಯೂತ ಇದೆಯೇ ಅಂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ಜೊತೆಗಿಟ್ಟರೆ ಗೊಂದಲ ಇನ್ನೂ ಕಡಿಮೆ. ಓದಿದವರು ನೆಪ ಹೇಳಿದರೆ ಸಿಟ್ಟು ಜಾಸ್ತಿ ಬರುತ್ತದೆ, ಸಚಿವರೇ.

ಫೆರಿಟಿನ್ ಪರೀಕ್ಷೆ ಉಚಿತ ಮಾಡಿ. ಎಲ್ಲರಿಗೂ ಒಂದೇ ದಿನ ಆಗದಿದ್ದರೆ ಬಸುರಿಯರಿಂದ, ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ಹೆಣ್ಣುಮಕ್ಕಳಿಂದ ಶುರು ಮಾಡಿ. ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತು ಅನ್ನುವವರನ್ನು ಬರಿಗೈಲಿ ವಾಪಸ್ ಕಳಿಸಬೇಡಿ. ಶಿಬಿರದಲ್ಲಿ ‘ನನಗೆ ಕಬ್ಬಿಣ ಬೇಡ’ ಅನ್ನುವವರಿಗೆ ಲಿಸ್ಟಿನಲ್ಲಿ ಒಂದು ಕಾಲಂ ಹಾಕಿಸಿ. ಅದಕ್ಕೆ ಖರ್ಚೂ ಇಲ್ಲ.

ಆದೇಶ ಯಾವ ತಾರೀಖಿಗೆ ಹೊರಡುತ್ತದೆ ಅಂತ ಬರೆದು ತಿಳಿಸಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ‘ನಾರ್ಮಲ್’ ಆಗಿರುವ ಒಬ್ಬ ಮತದಾರಳು