ಖಾಲಿ ಡ್ರಮ್ಮಿನ ಮಾತು

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಬೀದರಿನ ಕೊಳಾರದಲ್ಲಿ ಔಷಧ ಕಂಪನಿ ಕೆಲಸ ಸಿಕ್ಕಿತು ಅಂತ ಅಕ್ಕ ಹೇಳಿದಾಗ ತುಂಬಾ ಖುಷಿಯಾಯಿತು. ಸಾಲ್ವೆಂಟ್, ಅಂದರೆ ಬೇಗ ಹೊತ್ತಿಕೊಳ್ಳುವ ದ್ರಾವಕಗಳ ಸೆಕ್ಷನ್ನಿಗೆ ಹಾಕಿದ್ದಾರೆ ಅಂದಾಗ ಮಾತ್ರ ಎದೆ ಧಸಕ್ ಅಂತು. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಬಣ್ಣದ ಕಾರ್ಖಾನೆಯಲ್ಲಿದ್ದದ್ದು ನಿನಗೆ ಗೊತ್ತು. ಅಲ್ಲಿ ನಡೆದ ಒಂದು ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನನ್ನ ಜೊತೆಯವನೊಬ್ಬ ಮನೆಗೆ ನೀರಿನ ಡ್ರಮ್ ಮಾಡಿಕೊಳ್ಳೋಣ ಅಂತ ಟಾಲ್ಯೂಯಿನ್ ಅನ್ನುವ ಸಾಲ್ವೆಂಟ್ ಇದ್ದ ಡ್ರಮ್ಮಿನ ತಲೆಯನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಲು ಕೂತ. ಎರಡು ದಿನ ಬೋರಲು ಹಾಕಿಟ್ಟಿದ್ದ ಡ್ರಮ್ಮು. "ಖಾಲಿ ಅಲ್ವಾ?" ಅಂದ. ನಾನೂ ಹೂಂ ಅಂದೆ. ಮೇಲಿನ ತಗಡು ಹಾರಿ ಛಾವಣಿ ತೂತು ಮಾಡಿಕೊಂಡು ಹೋಯಿತು. ಅವನ ಜೀವ ಉಳಿಯಿತು, ಕಣ್ಣು ಎರಡೂ ಹೋದವು. ಆಡಿದ ಆ ಒಂದು ಹೂಂ ಇವತ್ತಿಗೂ ನನಗೆ ನಿದ್ದೆ ಕೆಡಿಸುತ್ತದೆ.

200 ಲೀಟರಿನ ಡ್ರಮ್ಮು ಸಿಡಿಯಲು ಎಷ್ಟು ಬೇಕು ಗೊತ್ತಾ? ಎರಡು ಮೂರು ಟೀ ಚಮಚ ಟಾಲ್ಯೂಯಿನ್ ಒಳಗೆ ಆವಿಯಾದರೆ ಸಾಕು. ಗಾಳಿಯಲ್ಲಿ ಅದರ ಆವಿ ಶೇ 1.2ರಷ್ಟಿದ್ದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅಷ್ಟು ದ್ರವ ಡ್ರಮ್ಮಿನ ಅಂಚಿನ ಮಡಿಕೆಯಲ್ಲೇ ಕೂತಿರುತ್ತದೆ, ಬೋರಲು ಹಾಕಿದರೂ ಬೀಳುವುದಿಲ್ಲ. ತೊಳೆಯದೆ ಇಂಥ ಪಾತ್ರೆಗೆ ಬೆಂಕಿ ತಾಗಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ನಿನಲ್ಲೇ ಇತ್ತು. ನಮಗೆ ಯಾರೂ ಹೇಳಿರಲಿಲ್ಲ.

ಚಳಿಗಾಲ ಬಂತು, ಇನ್ನು ಭಯವಿಲ್ಲ ಅಂದುಕೊಳ್ಳಬೇಡ. 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಟಾಲ್ಯೂಯಿನ್ ಹೊತ್ತುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಚರಂಡಿ, ಕೇಬಲ್ ಗುಂಡಿ ಹುಡುಕಿಕೊಂಡು ಹೋಗಿ ಮಲಗುತ್ತದೆ. ಆವಿ ಅಳೆಯುವ ಗ್ಯಾಸ್ ಮೀಟರನ್ನು ನಿಂತ ಎತ್ತರದಲ್ಲಿ ಹಿಡಿದು ಸೊನ್ನೆ ಅಂತ ಬರೆಯಬೇಡ, ನೆಲದ ಹತ್ತಿರ ಬಗ್ಗಿ ನೋಡು. ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ನೈಟ್ರೋಜನ್ ತುಂಬಿದ ರಿಯಾಕ್ಟರಿನಲ್ಲಿ (ರಾಸಾಯನಿಕ ಬೆರೆಸುವ ದೊಡ್ಡ ಮುಚ್ಚಿದ ಪಾತ್ರೆ) ಮಾಮೂಲಿ ಮೀಟರು ಸುಳ್ಳು ಹೇಳುತ್ತದೆ. ಆಮ್ಲಜನಕ ಇಲ್ಲದಿದ್ದರೆ ಅದು ಆವಿಯನ್ನು ಸರಿಯಾಗಿ ಅಳೆಯುವುದಿಲ್ಲ. ಆಮ್ಲಜನಕದ ಅಂಕಿಯನ್ನು ಮೊದಲು ನೋಡು. ಅಂಥದರೊಳಗೆ ತಲೆ ಹಾಕಿದವನು ಎರಡು ಉಸಿರಿನಲ್ಲಿ ಬಿದ್ದುಹೋಗುತ್ತಾನೆ.

ಸಾಲ್ವೆಂಟ್ ಸುರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸಲು ಡ್ರಮ್ಮಿಗೆ ಅರ್ಥಿಂಗ್ ಕ್ಲಿಪ್ ಹಾಕುತ್ತೀರಿ, ಸರಿ. ಅದು ಎಲ್ಲಿ ಕಚ್ಚಿದೆ ಅಂತ ಕೂತು ನೋಡು. ಎಷ್ಟೋ ಸಲ ಹಲ್ಲು ಬಣ್ಣದ ಪದರದ ಮೇಲೆ ಕೂತಿರುತ್ತದೆ, ಕಬ್ಬಿಣಕ್ಕೆ ತಾಗಿರುವುದೇ ಇಲ್ಲ. ಕೆರೆದು ಹೊಳೆಯುವ ಲೋಹ ಕಾಣಿಸಿ ಕಚ್ಚಿಸು. ಸ್ವೆಟರ್ ತೆಗೆಯುವಾಗ ಚಟ್ ಅನ್ನುತ್ತದಲ್ಲ, ಅಷ್ಟು ಕಿಡಿಯೇ ಸಾಕು ಅದಕ್ಕೆ. ಪ್ಲಾಸ್ಟಿಕ್ ಬಕೆಟ್ಟಿಗೆ ಕ್ಲಿಪ್ ಹಾಕಿ ಪ್ರಯೋಜನವಿಲ್ಲ, ಅದರಲ್ಲಿ ಸಾಲ್ವೆಂಟ್ ಹಿಡಿಯಲೇಬೇಡ. ರಿಯಾಕ್ಟರಿನ ಬಾಯಿ, ಅಂದರೆ ಮ್ಯಾನ್‌ಹೋಲಿನಿಂದ ಪುಡಿ ಸುರಿಯುವಾಗಲೂ ಇದೇ ಕಿಡಿಯ ಕಥೆ. ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ತಡೆಯುವ ಫ್ಲೇಮ್‌ಪ್ರೂಫ್ ವಿದ್ಯುತ್ ಪೆಟ್ಟಿಗೆಯಲ್ಲಿ ಒಂದೇ ಒಂದು ಬೋಲ್ಟ್ ಇಲ್ಲದಿದ್ದರೂ ಅದು ಸುಮ್ನೆ ಪೆಟ್ಟಿಗೆ ಅಷ್ಟೇ.

ಹಾಟ್ ವರ್ಕ್ ಪರ್ಮಿಟ್ಟಿಗೆ, ಅಂದರೆ ವೆಲ್ಡಿಂಗ್, ಕಟಿಂಗ್‌ನಂಥ ಬೆಂಕಿ ಕೆಲಸದ ಅನುಮತಿ ಚೀಟಿಗೆ ಸಹಿ ಕೇಳುತ್ತಾರೆ. ಹೋಗಿ ನೋಡದೆ ಹಾಕಬೇಡ. ಬೆಳಿಗ್ಗೆ ಅಳೆದದ್ದು ಊಟದ ನಂತರಕ್ಕೆ ನಡೆಯುವುದಿಲ್ಲ, ಮತ್ತೆ ಅಳೆಯಿಸು. ಶಿಫ್ಟಿನವರು ಅವಸರ ಮಾಡುತ್ತಾರೆ, ಹೊಸಬ ಅಂತ ರೇಗುತ್ತಾರೆ. ಮಾಡಲಿ ಬಿಡು. ಕೆಲಸ ಹೋದರೆ ಮನೆಗೆ ಬಾ, ಊಟಕ್ಕೇನೂ ತೊಂದರೆಯಿಲ್ಲ.

ನಿಮ್ಮಲ್ಲಿ ಖಾಲಿ ಡ್ರಮ್ಮುಗಳನ್ನು ಎಲ್ಲಿಡುತ್ತಾರೆ, ಯಾರು ಒಯ್ಯುತ್ತಾರೆ? ಗುಜರಿಯವರಿಗೆ ತೊಳೆಯದೆ ಕೊಡುತ್ತಿದ್ದರೆ ದೊಡ್ಡವರಿಗೆ ಹೇಳು. ಅಲ್ಲಿ ಉಳಿ ಹಿಡಿದು ಕತ್ತರಿಸುವವರು ನಿನ್ನ ವಯಸ್ಸಿನ ಹುಡುಗರೇ. ಇದೊಂದನ್ನು ನೋಡಿ ಈ ವಾರವೇ ನನಗೆ ಬರೆ.

ಇಂತಿ ನಿನ್ನ ಮಾವ