ಕುಕ್ಕರ್ ಆಮೇಲೆ, ಮೊದಲು ತಲೆ ನೋಡಿಕೋ

ಗೆಳೆಯಾ,

ಜರ್ಮನಿಗೆ ಬರುವ ಮುಂಚೆ ನೀನು ಕಳಿಸಿದ ಪಟ್ಟಿ ಸಿಕ್ಕಿತು. ಕುಕ್ಕರ್ ಎಷ್ಟು ಲೀಟರಿನದು ತರಲಿ, ಮಿಕ್ಸಿ ಅಲ್ಲಿ ಓಡುತ್ತದಾ, ಹುಣಸೆಹಣ್ಣು ಸಿಗುತ್ತದಾ, ಎಲ್ಲ ಕೇಳಿದ್ದೀಯ. ಮಾರಾಯ, ಮ್ಯೂನಿಕ್‌ನಲ್ಲಿ ಹುಣಸೆಹಣ್ಣು ಸಿಗುತ್ತದೆ. ಮಿಕ್ಸಿಯೂ ಓಡುತ್ತದೆ. ನೀನು ಕೇಳದೇ ಬಿಟ್ಟ ಒಂದು ವಿಷಯ ಇದೆ. ಬಂದ ಹೊಸದರಲ್ಲಿ ಮೂರು ತಿಂಗಳು ನಮ್ಮ ಮನೆಯಲ್ಲಿ ಅದೇ ಮಾತು. ಕಟಿಂಗ್.

ನಗಬೇಡ. ಊರಿನಲ್ಲಿ ನಾನು ಕುರ್ಚಿ ಮೇಲೆ ಕೂತು "ಮಾಮೂಲಿ" ಅಂದರೆ ಸಾಕಿತ್ತು. ಹನ್ನೆರಡು ವರ್ಷ ಒಬ್ಬನೇ ಕತ್ತರಿಸಿದ್ದ. ನೆತ್ತಿಯಲ್ಲಿ ಎರಡು ಸುಳಿ ಇರುವುದು ಅವನಿಗೆ ಗೊತ್ತು. "ಎರಡನೇ ಮದುವೆ ಯಾವಾಗ ಸಾರ್" ಅಂತ ಪ್ರತಿ ಸಲ ಅದೇ ಜೋಕು ಹೊಡೆಯುತ್ತಿದ್ದ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ನನ್ನ ತಲೆ ಬಗ್ಗೆ ನನಗೆ ಒಂದು ವಾಕ್ಯ ಹೇಳಲೂ ಬರುವುದಿಲ್ಲ. ಜರ್ಮನ್ ಬಿಡು, ಕನ್ನಡದಲ್ಲೂ ಬರುವುದಿಲ್ಲ. "ಮೀಡಿಯಂ ಶಾರ್ಟ್" ಅನ್ನುವುದು ಯಾವ ಭಾಷೆ ಹೇಳು?

ಮನೆ ಹತ್ತಿರವೇ ಒಂದು ಸಲೂನ್ ಇತ್ತು. ಇಲ್ಲಿ ಕೂದಲಿಗೆ ಹಾರ್ ಅನ್ನುತ್ತಾರೆ. ಸಲೂನ್‌ಗಳ ಹೆಸರಲ್ಲೆಲ್ಲ ಅದನ್ನೇ ತಿರುಚಿ ಹಾಕಿರುತ್ತಾರೆ. ಅಮ್ಮ ಆಗ ನಮ್ಮ ಜೊತೆಗಿದ್ದರು. ಬೋರ್ಡ್ ಓದಿ, "ಹಾರ ಅಂತಿದೆಯಲ್ಲೋ, ಹೂವಿನಂಗಡಿಯಾ?" ಅಂದರು.

ಒಳಗೆ ಹೋದೆ. ಕೂದಲು ಕತ್ತರಿಸುವಾಕೆ ಎಷ್ಟು ಬಿಡಲಿ ಅಂತ ಕೇಳಿದಳು. ನಾನು ಜಾಣನ ಹಾಗೆ "ಟ್ಸ್ವೈ" ಅಂದೆ. ಎರಡು ಅಂತ. ನಮ್ಮೂರಲ್ಲಿ ಬದಿಗೆ ಮಷಿನ್‌ನ ನಂಬರ್ 2 ಬಾಚಣಿಗೆ ಹಾಕುತ್ತಿದ್ದನಲ್ಲ, ಅದು ತಲೆಯಲ್ಲಿತ್ತು. ನಂಬರ್ 2 ಅಂದರೆ 6 ಮಿಲಿಮೀಟರ್. ಇಲ್ಲಿ ಮಿಲಿಮೀಟರ್‌ನಲ್ಲೇ ಲೆಕ್ಕ. ಆಕೆ ನಾನು ಹೇಳಿದ ಎರಡನ್ನೇ ಹಾಕಿದಳು, 2 ಮಿಲಿಮೀಟರ್. ಕನ್ನಡಕ ತೆಗೆದಿಟ್ಟು ಕೂತಿದ್ದೆ, ಗೊತ್ತೇ ಆಗಲಿಲ್ಲ. ಮನೆಗೆ ಬಂದಾಗ ಹೆಂಡತಿ ಬಾಗಿಲು ತೆರೆದು, "ಧರ್ಮಸ್ಥಳಕ್ಕೆ ಯಾವಾಗ ಹೋಗಿದ್ದೆ?" ಅಂದಳು. ಎರಡು ವಾರ ಆಫೀಸಿನಲ್ಲಿ ಟೋಪಿ.

ಇನ್ನು ದಿನದ ಸಮಸ್ಯೆ. ನಮ್ಮಲ್ಲಿ ಮಂಗಳವಾರ ಕಟಿಂಗ್ ಶಾಪ್ ರಜೆ ಅಲ್ವಾ, ಇಲ್ಲಿ ಬಹಳಷ್ಟು ಸಲೂನ್‌ಗಳಿಗೆ ಸೋಮವಾರ ರಜೆ. ಭಾನುವಾರ ಅಂತೂ ಊರೇ ಬಂದ್. ಮಂಗಳವಾರ, ಶುಕ್ರವಾರ, ಶನಿವಾರ ಕೂದಲು ತೆಗೆಸಬಾರದು ಅಂತ ಅಮ್ಮ. ಗುರುವಾರವೂ ಅಷ್ಟೊಂದು ಒಳ್ಳೆಯದಲ್ಲವಂತೆ. ಉಳಿದದ್ದು ಬುಧವಾರ. ಬುಧವಾರಕ್ಕೆ ಟೆರ್ಮಿನ್ ಸಿಗಬೇಕಲ್ಲ! ಟೆರ್ಮಿನ್ ಅಂದರೆ ಮೊದಲೇ ಗೊತ್ತು ಮಾಡಿಕೊಂಡ ಸಮಯ. ಈ ಪದ ಈಗಲೇ ಕಲಿ, ಇಲ್ಲಿ ಎಲ್ಲದಕ್ಕೂ ಬೇಕು.

ದುಡ್ಡೂ ಜಾಸ್ತಿ. ಹೆಂಡತಿಯ ಕೂದಲು ಸೊಂಟದವರೆಗೆ. ಉದ್ದಕ್ಕೆ ಬೇರೆ ರೇಟು, ತೊಳೆಯಲು ಬೇರೆ, ಒಣಗಿಸಲು ಬೇರೆ. ತುದಿ ಎರಡು ಇಂಚು ತೆಗೆಯಲು 70 ಯುರೋ ಕೇಳಿದರು. ಮೊದಲು ಸಿಟ್ಟು ಬಂತು. ಆಮೇಲೆ ವಿಚಾರಿಸಿದರೆ, ಇಲ್ಲಿ ಈ ಕಸುಬನ್ನು ಮೂರು ವರ್ಷ ಕಲಿಯುತ್ತಾರೆ. ಅಂಗಡಿ ತೆರೆಯಬೇಕೆಂದರೆ ಸಾಮಾನ್ಯವಾಗಿ ಮೈಸ್ಟರ್, ಅಂದರೆ ಕಸುಬಿನ ಗುರು, ಅನ್ನುವ ಪರೀಕ್ಷೆ ಪಾಸಾದವರು ಬೇಕು. 2004ರಲ್ಲಿ 53 ಕಸುಬುಗಳಿಗೆ ಆ ಕಡ್ಡಾಯ ತೆಗೆದರು, ಆದರೆ ಕ್ಷೌರಕ್ಕೆ ತೆಗೆಯಲಿಲ್ಲ. ಕತ್ತರಿ ಹಿಡಿಯುವವರಿಗೆ ಇಷ್ಟು ಮರ್ಯಾದೆ ಇದೆಯಲ್ಲ ಅಂತ ನನಗೆ ಖುಷಿಯಾಯಿತು. ಹೆಂಡತಿಗೆ ಆಗಲಿಲ್ಲ. ಅವಳೀಗ ವರ್ಷಕ್ಕೊಮ್ಮೆ ಮೈಸೂರಿನಲ್ಲೇ ಕತ್ತರಿಸಿಕೊಳ್ಳುತ್ತಾಳೆ. ನಡುವೆ ತುದಿ ಸೀಳಿದರೆ ಬಚ್ಚಲಲ್ಲಿ ನಾನೇ ಮೈಸ್ಟರ್. ನೆಟ್ಟಗೆ ಬರುವುದಿಲ್ಲ. ಜಡೆ ಹಾಕಿದರೆ ಯಾರಿಗೂ ಕಾಣುವುದಿಲ್ಲ ಬಿಡು.

ಉಳಿದವನು ಮಗ. ಐದು ವರ್ಷ. ಮೊದಲ ಸಲೂನ್‌ನಲ್ಲಿ ಮಷಿನ್ ಸದ್ದಿಗೆ ಹೆದರಿ, ಅರ್ಧ ಕಟಿಂಗ್‌ಗೇ ಇಳಿದು ಓಡಿದ. ಒಂದು ಬದಿ ಗಿಡ್ಡ, ಇನ್ನೊಂದು ಬದಿ ಕಾಡು. ಆ ಶನಿವಾರ ಅಮ್ಮನ ಶಾಸ್ತ್ರ ಪಕ್ಕಕ್ಕಿಟ್ಟು ಅವನನ್ನು ಎತ್ತಿಕೊಂಡು ರೈಲ್ವೆ ಸ್ಟೇಷನ್ ಹತ್ತಿರದ ಗೋಯ್ಥೆ ರಸ್ತೆ ಕಡೆ ಹೋದೆ. ಅಲ್ಲೆಲ್ಲ ತುರ್ಕಿಯವರ ಅಂಗಡಿಗಳು. 1961ರಲ್ಲಿ ಜರ್ಮನಿ ಫ್ಯಾಕ್ಟರಿ ಕೆಲಸಕ್ಕೆ ತುರ್ಕಿಯಿಂದ ಜನ ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಬಂದವರಲ್ಲಿ ತುಂಬ ಜನ ಇಲ್ಲೇ ಉಳಿದರು. ಅವರ ಕಟಿಂಗ್ ಶಾಪ್‌ಗಳೂ ಬೆಳೆದವು.

ಟೆರ್ಮಿನ್ ಇಲ್ಲ, ಏನಿಲ್ಲ. ಸಾಲಾಗಿ ಕಾಯುವ ಗಂಡಸರು, ಗೋಡೆಗೆ ಫುಟ್‌ಬಾಲ್ ಓಡುವ ಟೀವಿ. ಒಬ್ಬ ವಯಸ್ಸಾದವನು ಮಗನ ತಲೆ ನೋಡಿದ, ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಹಲಗೆ ತಂದು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟ. ಅದೇ ಹಲಗೆ ಕಣೋ! ನಮ್ಮಪ್ಪ ನನ್ನನ್ನು ಎತ್ತಿ ಕೂರಿಸುತ್ತಿದ್ದ ಹಾಗೇ ನಾನೂ ಮಗನನ್ನು ಎತ್ತಿ ಕೂರಿಸಿದೆ. ಮಷಿನ್ ಮುಟ್ಟಲಿಲ್ಲ ಅವನು, ಕತ್ತರಿಯಲ್ಲೇ ಮುಗಿಸಿದ. ಆಮೇಲೆ ನನ್ನ ಸರದಿ. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಬೆಂಕಿ ಹಚ್ಚಿ ನನ್ನ ಕಿವಿಗೆ ಪಟಪಟ ತಟ್ಟಿದ. ಕಿವಿಯ ಕೂದಲು ಸುಡಲು. ಹಾಗೆ ಮಾಡುತ್ತಾರೆ, ಹೆದರಬೇಡ. ಮಗ ಅಳು ಮರೆತು, "ಇನ್ನೊಂದ್ಸಲ ಸುಡೋಕೆ ಹೇಳಪ್ಪಾ" ಅಂದ. ಕೊನೆಗೆ ಅಂಗೈಗೆ ನಿಂಬೆ ವಾಸನೆಯ ಕೊಲೊನ್, ಸಣ್ಣ ಗಾಜಿನ ಲೋಟದಲ್ಲಿ ಚಹಾ. ಇಬ್ಬರಿಗೂ ಸೇರಿ 30 ಯುರೋ. ಕಾರ್ಡ್ ತೆಗೆದುಕೊಳ್ಳಲಿಲ್ಲ, ಹೋಗುವಾಗ ಕ್ಯಾಶ್ ಇಟ್ಟುಕೋ.

ನಾಲ್ಕನೇ ಸಲ ಹೋದಾಗ ಅವನು ನನ್ನ ನೆತ್ತಿ ಮೇಲೆ ಬೆರಳಿಟ್ಟು ಎರಡು ಸುತ್ತು ಬರೆದು ನಕ್ಕ. ಏನೋ ಹೇಳಿದ, ಅರ್ಥ ಆಗಲಿಲ್ಲ. ಮದುವೆ ವಿಷಯವೇ ಇರಬೇಕು.

ನೀನು ಮಾಡಬೇಕಾದ್ದು ಇಷ್ಟೇ. ನಿಮ್ಮ ಅಂಗಡಿಯವನ ಹತ್ತಿರ ಹೋಗಿ, ಬದಿಗೆ ಯಾವ ನಂಬರ್, ಮೇಲೆ ಎಷ್ಟು ಬೆರಳು ಅಂತ ಕೇಳಿ ಬರೆದುಕೋ. ನಾಲ್ಕೂ ಕಡೆಯಿಂದ ತಲೆ ಫೋಟೋ ತೆಗೆಸಿಕೋ. ವಿಮಾನ ಹತ್ತುವ ಮುಂಚೆ ಇಡೀ ಮನೆಯವರೆಲ್ಲ ಒಂದೊಂದು ಕಟಿಂಗ್ ಮುಗಿಸಿಕೊಂಡು ಬನ್ನಿ. ಟಿಕೆಟ್ ಬುಧವಾರದ್ದು ಅಂದೆಯಲ್ಲ? ಸೋಮವಾರವೇ ಹೋಗು. ಮಂಗಳವಾರ ನಿನ್ನ ಅಂಗಡಿಯವನಿಗೆ ರಜೆ.

ನಿನ್ನ,
ಎರಡು ಸುಳಿಯವನು