ಹಿಂಬಾಕಿ ಸಂಬಳ ಬಂತು, ಥ್ಯಾಂಕ್ಸ್ ಹೇಳ್ಬೇಕಾದವ್ರು ತುಂಬ ಜನ ಇದಾರೆ

ಕಂಪನಿ ನನ್ನನ್ನ ಕೆಲಸದಿಂದ ತೆಗೆದಿದ್ದಕ್ಕೆ ಹಾಕಿದ್ದ ಕೇಸಲ್ಲಿ ಲೇಬರ್ ಕೋರ್ಟ್ ಆದೇಶದ ದುಡ್ಡು ಮೊನ್ನೆ ಅಕೌಂಟಿಗೆ ಬಂತು, ಕೆಲಸಕ್ಕೂ ವಾಪಸ್ ತಗೊಂಡಿದಾರೆ. ಒಬ್ಬೊಬ್ರಿಗೂ ಫೋನ್ ಮಾಡೋಕಾಗಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಮೊದ್ಲು ನಮ್ಮ ಲಾಯರ್ ಮೇಡಂಗೆ. ನಾನು ಹೋದಾಗೆಲ್ಲ ಅನ್ಯಾಯ ಆಯ್ತು ಮೇಡಂ ಅಂತಾನೇ ಶುರು ಮಾಡ್ತಿದ್ದೆ, ಅವ್ರು ಪೂರ್ತಿ ಕೇಳಿಸ್ಕೊಂಡು ಕೊನೇಲಿ "ಸರಿ, ದಾಖಲೆ ಏನಿದೆ?" ಅಂತಿದ್ರು. ಕಂಪನಿಯವ್ರು ಇವನು ಆಗಾಗ ಬಂದು ಹೋಗ್ತಿದ್ದ ಅಷ್ಟೇ ಅಂತ ಕೋರ್ಟಿಗೆ ಬರ್ದುಕೊಟ್ಟಿದ್ರು. ಕಾನೂನಿನ ರಕ್ಷಣೆ ಸಿಗ್ಬೇಕಂದ್ರೆ, ಕೆಲಸದಿಂದ ತೆಗೆಯೋಕೆ ಮುಂಚಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದೀನಿ ಅಂತ ತೋರಿಸೋ ಭಾರ ನೌಕರನ ಮೇಲೇ, ಬರೀ ಅವನ ಅಫಿಡವಿಟ್ ಸಾಲಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಹಾಜರಿ ಪುಸ್ತಕ ಇರೋದು ಅವ್ರ ಹತ್ರ, ಪ್ರೂವ್ ಮಾಡ್ಬೇಕಾದವ್ನು ನಾನು, ಇದೆಂಥ ನ್ಯಾಯ ಅಂತ ಈಗ್ಲೂ ಅನ್ಸತ್ತೆ ಬಿಡಿ. ಮೇಡಂ ಆ ಪುಸ್ತಕ ತರಿಸಿ ಅಂತ ಅರ್ಜಿ ಹಾಕಿದ್ರು, ಜೊತೆಗೆ ನನ್ನ ಪಿಎಫ್ ಪಾಸ್‌ಬುಕ್ಕು ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಇಟ್ರು. ಪುಸ್ತಕ ಬರ್ಲೇ ಇಲ್ಲ, ಅದೇ ನಮಗೆ ಪ್ಲಸ್ ಆಯ್ತು. ಒಂದು ತಿಂಗಳ ನೋಟಿಸ್ ಆಗ್ಲಿ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದ ಪರಿಹಾರ ಆಗ್ಲಿ ಕೊಡ್ದೆ ತೆಗೆದಿದ್ರಲ್ಲ, 1947ರ ಕೈಗಾರಿಕಾ ವಿವಾದ ಕಾಯ್ದೆಯ ಸೆಕ್ಷನ್ 25ಎಫ್ ಪ್ರಕಾರ ಅವ್ರ ಆದೇಶ ಬಿದ್ದೋಯ್ತು.

ಆದ್ರೆ ಕೆಲಸ ವಾಪಸ್ ಸಿಕ್ತು ಅಂದ ತಕ್ಷಣ ಹಿಂಬಾಕಿನೂ ತಾನಾಗೇ ಸಿಗಲ್ಲ. ನಡುವೆ ಬೇರೆ ಕಡೆ ದುಡೀತಿರ್ಲಿಲ್ಲ ಅಥವಾ ಕಮ್ಮಿಗೆ ದುಡೀತಿದ್ದೆ ಅಂತ ಮೊದ್ಲು ನಾವು ಹೇಳ್ಬೇಕು, ಆಮೇಲೆ ಅದು ಸುಳ್ಳು ಅಂತ ತೋರ್ಸೋದು ಕಂಪನಿ ಕೆಲಸ, ಸುಪ್ರೀಂ ಕೋರ್ಟಿನ 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪಲ್ಲಿ ಹಾಗಿದೆ. ಅದಕ್ಕೇ ನನ್ನ ಅರ್ಜಿ ತಿರಸ್ಕರಿಸಿದ ಎಲ್ಲ ಕಂಪನಿಗಳಿಗೂ ಥ್ಯಾಂಕ್ಸ್, ತಮಾಷೆ ಅಲ್ಲ! ಅವ್ರ "ಕ್ಷಮಿಸಿ" ಇಮೇಲ್‌ಗಳನ್ನ ಮಗಳು ತಾರೀಕಿನ ಪ್ರಕಾರ ಜೋಡಿಸಿ ಪ್ರಿಂಟ್ ತೆಗೆದುಕೊಟ್ಳು, ಕೆಲಸ ಹುಡುಕಿದೀನಿ ಅನ್ನೋದಕ್ಕೆ ಅದೇ ಸಾಕ್ಷಿ. ಬಂದಾಗ ಓದೋಕೂ ಬೇಜಾರಾಗ್ತಿತ್ತು ಅವನ್ನ.

ನಮ್ಮ ಭಾವಂಗೆ ಬೇರೇನೇ ಹೇಳ್ಬೇಕು. ಅವ್ರ ಅಂಗಡೀಲಿ ಲೆಕ್ಕ ಬರ್ಕೊಂಡು ಮನೆ ನಡ್ಸಿದೀನಿ, ಕೊಟ್ಟಿದ್ದನ್ನೆಲ್ಲ ಅವ್ರು ಪುಸ್ತಕದಲ್ಲಿ ಬರ್ದಿಟ್ಟಿದ್ರು. ಅದನ್ನ ಮುಚ್ಚಿಡೋದೇ ಬೇಡ ಅಂತ ಮೇಡಂ ಅಫಿಡವಿಟ್‌ನಲ್ಲೇ ಹಾಕ್ಸಿದ್ರು. ಪಾಟೀಸವಾಲಿನಲ್ಲಿ ಎದುರು ವಕೀಲ್ರು ನಾನು ಗಲ್ಲಾಪೆಟ್ಟಿಗೆ ಹತ್ರ ಕೂತಿರೋ ಫೋಟೋ ತೆಗೆದು ದೊಡ್ಡದಾಗಿ ತೋರ್ಸಿದ್ರು, ಠುಸ್ ಆಯ್ತು. ಜಡ್ಜ್ ಆ ದುಡ್ಡು ಕಳೆದು ಉಳಿದದ್ದು ಕೊಡಿ ಅಂದ್ರು, ನನಗೂ ಅದು ಸರಿ ಅನ್ಸ್ತು.

ಯೂನಿಯನ್ ಅಣ್ಣಂದಿರಿಗೆ, ಬೇಜಾರಿಲ್ದೆ ತಾರೀಕು ತಾರೀಕಿಗೂ ಜೊತೆ ಬಂದ ನನ್ನಾಕೆಗೆ ನಮಸ್ಕಾರ. ಇನ್ನೊಬ್ಬ ಗೆಳೆಯ, ಅಲ್ಲೇ ಕೆಲಸದಲ್ಲಿದ್ಕೊಂಡು ರಜ ಹಾಕಿ ಬಂದು ನನ್ ಪರ ಸಾಕ್ಷಿ ಹೇಳ್ದ. ಹೆಸ್ರು ಬರೆಯಲ್ಲ ಕಣೋ, ನಿಂಗೆ ಗೊತ್ತಾಗತ್ತೆ.